ಸ್ವಾಕೊಪ್ಮುಂಡ್‌ನ ತಂಪು

ಡಿಸೆಂಬರ್ ಬಂತೆಂದರೆ ನಮೀಬಿಯಾದ ಒಳನಾಡು ಕಾದ ಹೆಂಚಾಗುತ್ತದೆ. ಶಾಲೆಗಳಿಗೆ ದೊಡ್ಡ ರಜೆ ಸಿಕ್ಕಿದ್ದೇ ತಡ, ರಾಜಧಾನಿ ವಿಂಡ್‌ಹುಕ್‌ನ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಎಲ್ಲರ ಪಯಣವೂ ಪಶ್ಚಿಮಕ್ಕೆ, ಸುಮಾರು 350 ಕಿಲೋಮೀಟರ್ ದೂರದ ಸ್ವಾಕೊಪ್ಮುಂಡ್‌ಗೆ. ಒಂದು ಕಡೆ ನಮೀಬ್ ಮರುಭೂಮಿ, ಇನ್ನೊಂದು ಕಡೆ ಅಟ್ಲಾಂಟಿಕ್ ಸಾಗರ. ನಡುವೆ ಪುಟ್ಟ ಊರು. ಮರುಭೂಮಿಯ ಊರಾದರೂ ಅಲ್ಲಿ ಇಳಿದವರು ಸಂಜೆಗೆ ಸ್ವೆಟರ್ ಹುಡುಕುತ್ತಾರೆ.

ದಕ್ಷಿಣದಿಂದ ಹರಿದುಬರುವ ಬೆಂಗ್ವೆಲಾ ಪ್ರವಾಹ ಅಲ್ಲಿನ ಕಡಲನ್ನು ತಣ್ಣಗಿಟ್ಟಿದೆ. ಆ ತಣ್ಣೀರಿನ ಮೇಲಿನ ಗಾಳಿ ಮೇಲೇಳದೆ, ಮಳೆಮೋಡ ಕಟ್ಟದೆ, ಕಾವಳವಾಗಿ ದಡಕ್ಕೆ ತೆವಳುತ್ತದೆ. ವರ್ಷವಿಡೀ 20 ಮಿಲಿಮೀಟರ್ ಮಳೆಯೂ ಆಗದ ನೆಲಕ್ಕೆ ಈ ಕಾವಳವೇ ಜೀವಜಲ. ನಸುಕಿನಲ್ಲಿ ಒಂದು ಬಗೆಯ ಕಪ್ಪು ಜೀರುಂಡೆ ಮರಳದಿಬ್ಬದ ನೆತ್ತಿಗೆ ಹತ್ತಿ, ಗಾಳಿಗೆ ಬೆನ್ನೊಡ್ಡಿ, ತಲೆ ಕೆಳಗೆ ಮಾಡಿ ನಿಲ್ಲುತ್ತದೆ. ಬೆನ್ನ ಮೇಲೆ ಕೂಡಿದ ಹನಿ ಜಾರಿ ಬಾಯಿಗೆ ಇಳಿಯುತ್ತದೆ. ಇಂಥದ್ದನ್ನು ತೋರಿಸಲು ಪ್ರವಾಸಿಗರನ್ನು ಬೆಳಿಗ್ಗೆ ಕರೆದೊಯ್ಯುವವರಿದ್ದಾರೆ. ಊರಿನ ಎಲ್ಲ ಆಕರ್ಷಣೆಗಳಲ್ಲಿ ನನ್ನ ಮನಸ್ಸು ನಿಲ್ಲುವುದು ಈ ಹುಳದ ಬಳಿಯೇ. ಹಲಗೆಯ ಮೇಲೆ ಬೋರಲು ಮಲಗಿ ಮರಳದಿಬ್ಬದಿಂದ ಜಾರುವ ಆಟ, 1902ರ ದೀಪಸ್ತಂಭ, ಈಗ ಹೋಟೆಲಾಗಿರುವ 1901ರ ರೈಲು ನಿಲ್ದಾಣ, ಜರ್ಮನ್ ಬೇಕರಿಗಳ ಘಮ, ಎಲ್ಲವೂ ಇವೆ.

ಮಕ್ಕಳು ನೀರಾಡುವ ತೀರಕ್ಕೂ ಒಂದು ಕಥೆಯಿದೆ. 1892ರಲ್ಲಿ ಜರ್ಮನರು ಈ ಊರು ಕಟ್ಟಿದ್ದು ಬಂದರಿಗಾಗಿ. ಅಲೆ ತಡೆಯಲು ಕಡಲಿಗೆ ಚಾಚಿದ ಕಲ್ಲಿನ ಗೋಡೆ 1903ರಲ್ಲಿ ಮುಗಿಯಿತು. ಮೂರೇ ವರ್ಷಗಳಲ್ಲಿ ಪ್ರವಾಹ ತಂದ ಮರಳು ಅದರ ಒಳಗನ್ನೆಲ್ಲ ತುಂಬಿತು. ಹಡಗಿಗೆ ಕೆಲಸಕ್ಕೆ ಬಾರದ ಆ ಮೂಲೆಯೇ ಇಂದು ಈಜುವವರ ನೆಚ್ಚಿನ ತಾಣ. ಗೋಡೆ ಸೋಲತೊಡಗಿದಾಗಲೇ, 1905ರಲ್ಲಿ, ಮರದ ಜೆಟ್ಟಿ ಕಟ್ಟಿದರು. ಆದರೆ ಆ ವರ್ಷಗಳಲ್ಲಿ ಸರಕು ಇಳಿಸಲು ದುಡಿದವರಲ್ಲಿ ಕೈದಿಗಳೂ ಇದ್ದರು.

1904ರಲ್ಲಿ ಹೆರೆರೊ ಜನ ಜರ್ಮನ್ ಆಳ್ವಿಕೆಯ ವಿರುದ್ಧ ಎದ್ದರು. ಬಳಿಕ ನಾಮ ಜನರೂ. ಅಕ್ಟೋಬರ್‌ನಲ್ಲಿ ಸೇನಾಧಿಪತಿ ಫಾನ್ ಟ್ರೋಥಾ ಹೆರೆರೊಗಳ ಸಂಹಾರಕ್ಕೆ ಆಜ್ಞೆ ಹೊರಡಿಸಿದ. ಮರುಭೂಮಿಯಲ್ಲಿ ಬಾಯಾರಿ ಸಾಯದೆ ಉಳಿದವರನ್ನು ಹಿಡಿದು ಶಿಬಿರಗಳಿಗೆ ತಳ್ಳಿದರು. ಒಂದು ಶಿಬಿರ ಇದೇ ಊರಿನಲ್ಲಿತ್ತು. ಹೆಂಗಸರು, ಮಕ್ಕಳೆನ್ನದೆ ದುಡಿಸಿದರು. ಅವರೆಲ್ಲ ಒಳನಾಡಿನ ಬೆಚ್ಚನೆಯ ಹುಲ್ಲುಗಾವಲಿನಲ್ಲಿ ದನ ಮೇಯಿಸಿಕೊಂಡಿದ್ದವರು. ಮೈಮೇಲೆ ಚಿಂದಿ, ಹೊಟ್ಟೆಗೆ ಅರೆಪಾಲು, ರಾತ್ರಿಯಿಡೀ ಕಡಲ ಕಾವಳ. ಇಂದು ಜನ ಅರಸಿಕೊಂಡು ಬರುವ ಅದೇ ತಂಪು, ಹಸಿವು ಮತ್ತು ರೋಗದ ಜೊತೆ ಸೇರಿ ಅವರನ್ನು ಕೊಂದಿತು.

ಈ ಸಂಗತಿ ತಿಳಿದ ಮೇಲೆ ಆ ಊರನ್ನು ಬರೀ ರಜೆಯ ಊರೆಂದು ಕಾಣಲು ನನಗೆ ಆಗಿಲ್ಲ. ಜರ್ಮನ್ ಸರ್ಕಾರ ಆ ಸಂಹಾರವನ್ನು ಜನಾಂಗಹತ್ಯೆ ಎಂದು ಒಪ್ಪಿಕೊಂಡಿದ್ದು 2021ರಲ್ಲಿ. 2025ರಿಂದ ನಮೀಬಿಯಾ ಮೇ 28ನ್ನು ಸ್ಮರಣೆಯ ದಿನವಾಗಿ ಆಚರಿಸುತ್ತಿದೆ. ಊರು ಮುಗಿದು ಮರುಭೂಮಿ ಶುರುವಾಗುವಲ್ಲಿ ಸ್ಮಶಾನವಿದೆ. ಒಂದು ಭಾಗದಲ್ಲಿ ಹೆಸರು ಕೆತ್ತಿದ ಕಲ್ಲುಗಳು, ನೆರಳಿಗೆ ಮರಗಳು. ಇನ್ನೊಂದು ಭಾಗದಲ್ಲಿ ಸಾಲುಸಾಲಾಗಿ ಮೊಣಕಾಲೆತ್ತರವೂ ಇಲ್ಲದ ಮರಳಗುಪ್ಪೆಗಳು, ಹೆಸರಿಲ್ಲ. ಬೀಚಿಗೆ ಹೋದವರು ಒಂದು ಗಳಿಗೆ ಇಲ್ಲಿಗೂ ಬರಲಿ ಎಂದು ಆಸೆ. ಗಾಳಿ ಬೀಸಿದಂತೆಲ್ಲ ಗುಪ್ಪೆಗಳು ತಗ್ಗುತ್ತವೆ. ಶಿಬಿರದಲ್ಲಿ ಸತ್ತವರ ಕಡೆಯ ಜನ ಸನಿಕೆ ಹಿಡಿದು ಬಂದು, ಚದುರಿದ ಮರಳನ್ನು ಮತ್ತೆ ಒಟ್ಟಿ, ಸುತ್ತ ಕಲ್ಲಿಟ್ಟು ಹೋಗುತ್ತಾರೆ.