ಆಯುಧಗಳು ಬನ್ನಿಯನ್ನೇರಿದ್ದೇಕೆ?

ನವರಾತ್ರಿಯ ಒಂಬತ್ತು ದಿನಗಳು ಜಗನ್ಮಾತೆಯ ಆರಾಧನೆಯಲ್ಲಿ ಕಳೆದು ವಿಜಯದಶಮಿಯು ಪ್ರಾಪ್ತವಾಗುತ್ತದೆ. ಅಂದು ಕನ್ನಡಿಗನು ಎಲ್ಲಿಯೇ ನೆಲಸಿರಲಿ, ಬನ್ನಿಯ ಎಲೆಯನ್ನು ಬಂಗಾರವೆಂದು ಭಾವಿಸಿ ಹಿರಿಯರ ಕೈಗಿತ್ತು ನಮಸ್ಕರಿಸುತ್ತಾನೆ. ಮುಂಬಯಿಯಲ್ಲಿ ಬನ್ನಿ ದೊರೆಯದಿದ್ದರೆ ಮರಾಠಿ ಬಾಂಧವರಂತೆ ಆಪಟೆಯ ಎಲೆಯನ್ನಾದರೂ ಹಂಚುತ್ತಾನೆ. ಪಾಂಡವರು ಅಜ್ಞಾತವಾಸದ ಕಾಲದಲ್ಲಿ ತಮ್ಮ ಆಯುಧಗಳನ್ನು ಶಮೀವೃಕ್ಷದಲ್ಲಿ ಅಡಗಿಸಿಟ್ಟ ಕಥೆ ಮಕ್ಕಳಿಗೂ ತಿಳಿದಿದೆ. ಆದರೆ ಆ ಆಯುಧಗಳು ಮರವನ್ನೇರಬೇಕಾಗಿ ಬಂದದ್ದೇಕೆ ಎಂಬುದನ್ನು ಹಬ್ಬದ ಸಂಭ್ರಮದಲ್ಲಿ ಯಾರೂ ಕೇಳುವುದಿಲ್ಲ. ಯಾವ ಶತ್ರುವೂ ಅವುಗಳನ್ನು ರಣರಂಗದಲ್ಲಿ ಕಸಿದುಕೊಳ್ಳಲಿಲ್ಲ. ಗಾಂಡೀವವನ್ನು ಧನುರ್ಧರನ ಕೈಯಿಂದ ಬಿಡಿಸಿದುದು ದ್ಯೂತದ ದಾಳ.

ಸಭಾಪರ್ವದ ದ್ಯೂತಪ್ರಸಂಗವನ್ನು ಶಕುನಿಯ ಕಪಟದ ಕಥೆಯೆಂದು ಮಾತ್ರ ಓದಿದರೆ ಅರ್ಧ ಪಾಠ ಕೈತಪ್ಪುತ್ತದೆ. ಆಡಲು ಕುಳಿತವನು ಮೂರ್ಖನಲ್ಲ, ದುಷ್ಟನಲ್ಲ. ರಾಜಸೂಯವನ್ನು ಪೂರೈಸಿದ ಧರ್ಮರಾಜ. ಮುತ್ತು, ಹೊನ್ನು, ರಥ, ಆನೆ, ಕುದುರೆ, ಭಂಡಾರ, ರಾಜ್ಯ ಒಂದೊಂದಾಗಿ ಹೋದವು. ಅನಂತರ ನಕುಲ, ಸಹದೇವ, ಅರ್ಜುನ, ಭೀಮ, ಬಳಿಕ ತಾನು, ಕೊನೆಗೆ ದ್ರೌಪದಿ. ಪ್ರತಿ ಸೋಲೂ ಏಳುವಂತೆ ಹೇಳಬೇಕಾಗಿತ್ತು. ಪ್ರತಿ ಸೋಲೂ ಮುಂದಿನ ಪಣವನ್ನೇ ಹೇಳಿಕೊಟ್ಟಿತು. ಕಳೆದುದನ್ನು ಮರಳಿ ಪಡೆಯುವ ಆಸೆಯೇ ಜೂಜಿನ ನಿಜವಾದ ದಾಳ. ಅದರ ಮುಂದೆ ವಿವೇಕಿಯೂ ಅವಿವೇಕಿಯೇ.

ಆಗ ದ್ರೌಪದಿಯು ದೂತನ ಮೂಲಕ ಕೇಳಿ ಕಳುಹಿಸಿದ ಪ್ರಶ್ನೆ ಇಂದಿಗೂ ಹಳೆಯದಾಗಿಲ್ಲ. ಆತನು ಮೊದಲು ಸೋತದ್ದು ತನ್ನನ್ನೋ, ತನ್ನ ಪತ್ನಿಯನ್ನೋ? ಸಭೆಯಲ್ಲಿದ್ದ ಹಿರಿಯರು ಇದಕ್ಕೆ ಸಮರ್ಪಕವಾದ ಉತ್ತರ ಕೊಡಲಿಲ್ಲ. ಜೂಜಾಡುವ ಪ್ರತಿಯೊಬ್ಬ ತರುಣನ ಮುಂದೆಯೂ ಇದೇ ಪ್ರಶ್ನೆ ನಿಂತಿದೆ. ಹೊರಗಿನವರ ಕಣ್ಣಿಗೆ ಅವನು ಸೋಲುವುದು ಹಣವನ್ನು. ಆದರೆ ಹಣ ಹೋಗುವ ಮೊದಲೇ ಅವನ ನಿದ್ರೆ, ಓದು, ಮಾತಿನ ಸತ್ಯ, ತಾಯಿಯ ಮುಖವನ್ನು ನೇರವಾಗಿ ನೋಡುವ ಧೈರ್ಯ ಹೊರಟುಹೋಗಿರುತ್ತವೆ. ತನ್ನನ್ನು ಸೋತ ಮೇಲೆಯೇ ಅವನು ತನ್ನವರನ್ನು ಪಣಕ್ಕಿಡುತ್ತಾನೆ.

ಈ ಕಥೆಯಲ್ಲಿ ಇನ್ನೂ ಕಠೋರವಾದ ಒಂದು ಘಟ್ಟವಿದೆ. ದ್ರೌಪದಿಯು ಪಡೆದ ವರಗಳಿಂದ ಪತಿಗಳು ದಾಸ್ಯಮುಕ್ತರಾದರು. ಧೃತರಾಷ್ಟ್ರನು ರಾಜ್ಯವನ್ನೂ ಹಿಂದಿರುಗಿಸಿದನು. ಎಲ್ಲವೂ ಮರಳಿ ಬಂದಿತ್ತು. ಆದರೂ ದಾರಿಯಲ್ಲಿ ಮತ್ತೊಮ್ಮೆ ಕರೆ ಬಂದಾಗ ಯುಧಿಷ್ಠಿರನು ತಿರುಗಿ ಬಂದು ಕುಳಿತನು. ಹನ್ನೆರಡು ವರ್ಷಗಳ ವನವಾಸ, ಒಂದು ವರ್ಷದ ಅಜ್ಞಾತವಾಸ ಆ ಎರಡನೆಯ ಆಟದ ಫಲ. ಮಗನ ಸಾಲವನ್ನು ತಂದೆಯು ಭವಿಷ್ಯನಿಧಿಯ ಹಣದಿಂದ ತೀರಿಸಿದ ಮಾತ್ರಕ್ಕೆ ಮಗನು ಮುಕ್ತನಾದನೆಂದು ತಿಳಿಯಬಾರದು. ಸಾಲ ತೀರುವುದು ಬೇರೆ, ಚಟ ತೀರುವುದು ಬೇರೆ.

ಋಗ್ವೇದದ ಹತ್ತನೆಯ ಮಂಡಲದ 34ನೆಯ ಸೂಕ್ತವು ಜೂಜುಗಾರನೊಬ್ಬನ ಪಶ್ಚಾತ್ತಾಪವೇ ಆಗಿದೆ. ಮನೆಯವರ ತಿರಸ್ಕಾರ, ಸಾಲದ ಭಯ, ಇನ್ನು ಆಡೆನೆಂಬ ನಿಶ್ಚಯ, ದಾಳದ ಸದ್ದು ಕೇಳಿದೊಡನೆ ಆ ನಿಶ್ಚಯದ ಭಂಗ, ಎಲ್ಲವೂ ಅಲ್ಲಿ ಚಿತ್ರಿತವಾಗಿವೆ. ಕೊನೆಗೆ ದೊರೆಯುವ ಉಪದೇಶವಾದರೋ ಕೃಷಿಗೆ ಮರಳುವುದು. ಬೆವರಿನ ಅನ್ನವೇ ಪ್ರಸಾದವೆಂದ ಹನ್ನೆರಡನೆಯ ಶತಮಾನದ ಶರಣರ ಕಾಯಕತತ್ತ್ವಕ್ಕೂ ಆ ಉಪದೇಶಕ್ಕೂ ಎಷ್ಟು ದೂರ?

ಗೀತೆಯ ಹತ್ತನೆಯ ಅಧ್ಯಾಯದಲ್ಲಿ ಭಗವಂತನು ವಂಚಕರಲ್ಲಿ ತಾನು ದ್ಯೂತವೆಂದಿರುವುದನ್ನು ಕೆಲವರು ಸಮರ್ಥನೆಗಾಗಿ ಎತ್ತಿ ತೋರುವುದುಂಟು. ದೀಪಾವಳಿಯ ಒಂದು ದಿನ ಇಸ್ಪೀಟಾಡಿದರೆ ದೋಷವಿಲ್ಲವೆಂಬ ಮಾತೂ ಇದರ ಜೊತೆಗೆ ಬರುತ್ತದೆ. ಆದರೆ ಭಗವಂತನು ದ್ಯೂತವನ್ನು ಸೇರಿಸಿರುವುದು ವಂಚನೆಯ ಸಾಲಿನಲ್ಲಿ. ವಂಚನೆಗಳಲ್ಲೆಲ್ಲ ಅತ್ಯಂತ ಬಲಿಷ್ಠವಾದುದು ಇದು ಎಂಬ ಎಚ್ಚರಿಕೆಯೇ ಆ ಮಾತಿನಲ್ಲಿದೆಯೆಂದು ತಿಳಿಯುವುದು ಲೇಸು.

ಆ ವಂಚನೆಯ ಲೆಕ್ಕ ಬಹು ಸರಳ. ಮುಂಬಯಿಯ ಮಟ್ಕಾ ನ್ಯೂಯಾರ್ಕಿನ ಹತ್ತಿಯ ಧಾರಣೆಯ ಮೇಲಿನ ಪಣವಾಗಿ ಹುಟ್ಟಿ, 1960ರ ದಶಕದಲ್ಲಿ ಅಂಕಿಗಳ ಆಟವಾಗಿ ಗಿರಣಿಗಳ ಓಣಿಗಳನ್ನೆಲ್ಲ ವ್ಯಾಪಿಸಿತು. ಹತ್ತು ಅಂಕಿಗಳಲ್ಲಿ ಒಂದನ್ನು ಊಹಿಸಿದವನಿಗೆ ಒಂದಕ್ಕೆ ಒಂಬತ್ತು ದೊರೆಯುವುದೆಂದು ಇಟ್ಟುಕೊಳ್ಳೋಣ. ಹತ್ತು ಅಂಕಿಗಳ ಮೇಲೂ ಹತ್ತು ಹತ್ತು ರೂಪಾಯಿ ಕಟ್ಟಿದರೆ ಹೋಗುವುದು 100, ಬರುವುದು 90. ಆಟಗಾರರು ಬದಲಾಗಬಹುದು, ಆ ಹತ್ತು ರೂಪಾಯಿ ಸೇರುವ ಪೆಟ್ಟಿಗೆ ಬದಲಾಗದು. ಅದೇ ನಗರದಲ್ಲಿ ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದ ಕನ್ನಡದ ಹುಡುಗರ ಬಾಳು ಇನ್ನೊಂದು ಲೆಕ್ಕವನ್ನು ತೋರಿಸಿದೆ. ಅಲ್ಲಿ ವೃದ್ಧಿ ನಿಧಾನ. ಆದರೆ ಬಂದದ್ದು ಉಳಿದಿದೆ.

ಇಂದು ದ್ಯೂತಸಭೆ ಅಂಗೈಯಲ್ಲಿದೆ. ಅಂದು ಅಡ್ಡೆಗೆ ಹೋಗುವವನನ್ನು ನೆರೆಯವರಾದರೂ ನೋಡುತ್ತಿದ್ದರು. ಇಂದು ತರುಣನು ಹೊದಿಕೆಯೊಳಗೆ ಮಲಗಿಯೇ ಮೊಬೈಲಿನಲ್ಲಿ ರಮ್ಮಿಯಾಡಬಲ್ಲ, ಕ್ರಿಕೆಟಿನ ಮೇಲೆ ಪಣ ಕಟ್ಟಬಲ್ಲ; ಜಮೆಯಾದ ಸಂಬಳವನ್ನು ಬೆಳಗಾಗುವುದರೊಳಗೆ ಬರಿದು ಮಾಡಬಲ್ಲ. ಆಯುಧಪೂಜೆಯಂದು ಪುಸ್ತಕ, ಯಂತ್ರ, ವಾಹನಗಳ ಜೊತೆಗೆ ಆ ಮೊಬೈಲಿಗೂ ಕುಂಕುಮವಿಡುವ ಮನೆಗಳುಂಟು. ಅದು ವಿದ್ಯೆಗೂ ಉದ್ಯೋಗಕ್ಕೂ ಆಯುಧವಾದರೆ ಪೂಜೆಗೆ ಅರ್ಹ. ದಾಳವಾದರೆ ಇತರ ಆಯುಧಗಳನ್ನೆಲ್ಲ ಅದು ಮರವನ್ನೇರಿಸುತ್ತದೆ.

ದಂಡನೀತಿ ಸುಮ್ಮನಿಲ್ಲ. ಜೂಜನ್ನು ರಾಜ್ಯದಿಂದ ದೂರವಿಡಬೇಕೆಂದು ಮನುಸ್ಮೃತಿಯು ರಾಜನಿಗೆ ವಿಧಿಸಿತ್ತು. 2025ರ ಆಗಸ್ಟಿನಲ್ಲಿ ಭಾರತದ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಡೆಸುವುದನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಶಾಸನವನ್ನು ಅಂಗೀಕರಿಸಿತು. ಆದರೆ ಶಾಸನವು ಬಾಗಿಲನ್ನು ಮುಚ್ಚಬಲ್ಲುದಲ್ಲದೆ ಆಸೆಯನ್ನು ಮುಚ್ಚಲಾರದು. ಆ ಕೆಲಸ ಮನೆಯದು. ಸಭೆಯಲ್ಲಿ ಕುಳಿತ ಧೃತರಾಷ್ಟ್ರನು ಆಟವನ್ನು ನಿಲ್ಲಿಸಲಿಲ್ಲ. ಗೆದ್ದೆವೇ, ಗೆದ್ದೆವೇ ಎಂದು ಆತುರದಿಂದ ಕೇಳುತ್ತಿದ್ದನು. ಮಗನು ತಂದ ಹಣದ ಮೂಲವನ್ನು ವಿಚಾರಿಸದೆ ಹಿಗ್ಗುವ ತಂದೆಯೂ ಅದೇ ಸಿಂಹಾಸನದಲ್ಲಿ ಕುಳಿತವನು. ಅಪ್ರಿಯವಾದರೂ ಹಿತವನ್ನು ನುಡಿದವನು ವಿದುರನೊಬ್ಬನೇ. ಪ್ರತಿ ಮನೆಗೂ ಒಬ್ಬ ವಿದುರ ಬೇಕು.

ಸಿಕ್ಕಿಬಿದ್ದ ತರುಣನಿಗೆ ಬೇಕಾದುದು ಬೈಗುಳವಲ್ಲ. ಜೂಜಿನ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆಯು ರೋಗಗಳ ವರ್ಗೀಕರಣದಲ್ಲಿ ಸೇರಿಸಿದೆ, ರೋಗಕ್ಕೆ ಚಿಕಿತ್ಸೆಯುಂಟು. ಮಾನಸಿಕ ಆರೋಗ್ಯಕ್ಕಾಗಿ 2022ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಸೋಲನ್ನು ಮನೆಯವರಲ್ಲಿ ಒಪ್ಪಿಕೊಳ್ಳುವುದು ಅವಮಾನವಲ್ಲ. ಬಚ್ಚಿಟ್ಟ ಸೋಲೇ ಮುಂದಿನ ಪಣ. ಜೂಜಿನಿಂದ ರಾಜ್ಯಭ್ರಷ್ಟನಾದ ನಳನೂ ಕುದುರೆಗಳ ಸೇವೆಮಾಡುತ್ತ ದುಡಿದು, ದಮಯಂತಿಯ ನಿಷ್ಠೆಯಿಂದ ಮರಳಿ ಮನುಷ್ಯನಾದನಲ್ಲವೇ?

ಪಾಂಡವರ ಆಯುಧಗಳು ಬನ್ನಿಯಿಂದ ಇಳಿದುವು. ಆದರೆ ಕಳೆದುಹೋದ ಹದಿಮೂರು ವರ್ಷಗಳು ಇಳಿದು ಬರಲಿಲ್ಲ. ಈ ವಿಜಯದಶಮಿಯಂದು ಬನ್ನಿಯ ಎಲೆಯನ್ನು ಮಗನ ಕೈಗಿಡುವ ಹಿರಿಯರು ಈ ಮಾತನ್ನೂ ಅದರೊಡನೆ ಇಡಲಿ. ಮಹಿಷನನ್ನು ಮರ್ದಿಸಿದ ತಾಯಿ ಚಾಮುಂಡೇಶ್ವರಿಯು ಎಳೆಯರ ಮನದೊಳಗಿನ ಈ ಮಹಿಷನನ್ನೂ ಮರ್ದಿಸಿ, ದುಡಿಮೆಯಲ್ಲಿ ಶ್ರದ್ಧೆಯನ್ನೂ ಗಳಿಕೆಯಲ್ಲಿ ತೃಪ್ತಿಯನ್ನೂ ಕರುಣಿಸಲಿ.