ಎಡಗೈ ಅಣುವಿನ ತಲೆಗೆ ಕಟ್ಟಿದ ತಪ್ಪು

ಔಷಧ ರಸಾಯನಶಾಸ್ತ್ರದ ಮೊದಲ ಪಾಠಗಳಲ್ಲಿ ಥಾಲಿಡೊಮೈಡ್ ಕತೆ ಬಂದೇ ಬರುತ್ತದೆ. ಅದೇ ಪರಮಾಣುಗಳು, ಅದೇ ಜೋಡಣೆ. ಆದರೂ ಈ ಅಣುವಿಗೆ ನಮ್ಮ ಎರಡು ಕೈಗಳ ಹಾಗೆ ಎರಡು ರೂಪ, ಒಂದು ಇನ್ನೊಂದರ ಕನ್ನಡಿಬಿಂಬ. ಬಲಗೈ ರೂಪ ನಿದ್ದೆ ತರಿಸುತ್ತದೆ, ಎಡಗೈ ರೂಪ ಭ್ರೂಣದ ಕೈಕಾಲು ಬೆಳೆಯದಂತೆ ಮಾಡುತ್ತದೆ. ಎರಡನ್ನೂ ಬೇರ್ಪಡಿಸದೆ ಮಾರಿದ್ದೇ ಅನಾಹುತಕ್ಕೆ ಕಾರಣ ಎಂದು ಹೇಳಿಕೊಡುತ್ತಾರೆ. ಎಡಗೈಯಲ್ಲಿ ಏನನ್ನೂ ಕೊಡಬಾರದು, ತೆಗೆದುಕೊಳ್ಳಬಾರದು ಎಂದು ಕೇಳುತ್ತಲೇ ಬೆಳೆದ ನಮಗೆ ಈ ಕತೆ ಬೇಗ ಮನಸ್ಸಿಗೆ ಹತ್ತುತ್ತದೆ.

ಆದರೆ ಕತೆ ಅಷ್ಟು ಸರಳವಲ್ಲ. ಶುದ್ಧ ಬಲಗೈ ರೂಪವನ್ನೇ ಕೊಟ್ಟರೂ ಮೈಯೊಳಗೆ ಕೆಲವೇ ಗಂಟೆಗಳಲ್ಲಿ ಅದರ ಒಂದು ಪಾಲು ಎಡಗೈ ರೂಪವಾಗಿ ಮಾರ್ಪಡುತ್ತದೆ. ಅಂದರೆ ಕಾರ್ಖಾನೆಯಲ್ಲಿ ಎಷ್ಟೇ ಅಚ್ಚುಕಟ್ಟಾಗಿ ಬೇರ್ಪಡಿಸಿದ್ದರೂ ಆ ಮಕ್ಕಳು ಉಳಿಯುತ್ತಿರಲಿಲ್ಲ. ಹಾಗಿದ್ದೂ ಈ ಕತೆ ನಮಗೆ ಯಾಕೆ ಇಷ್ಟು ಹಿಡಿಸುತ್ತದೆ ಎಂಬುದೇ ನನ್ನ ಪ್ರಶ್ನೆ. ನನಗೆ ತೋಚುವ ಉತ್ತರ ಇದು: ತಪ್ಪು ಅಣುವಿನ ಆಕಾರದಲ್ಲಿತ್ತು ಎಂದುಬಿಟ್ಟರೆ ಮನುಷ್ಯರು ಪಾರಾಗುತ್ತಾರೆ.

1957ರಲ್ಲಿ ಪಶ್ಚಿಮ ಜರ್ಮನಿಯ ಗ್ರುನೆಂಥಾಲ್ ಕಂಪನಿ ಇದನ್ನು ಕಾಂಟರ್ಗಾನ್ ಹೆಸರಿನಲ್ಲಿ ಮಾರುಕಟ್ಟೆಗೆ ಬಿಟ್ಟಿತು. ವೈದ್ಯರ ಚೀಟಿ ಇಲ್ಲದೆಯೂ ಅಂಗಡಿಯಲ್ಲಿ ಸಿಗುತ್ತಿತ್ತು. ಬಸುರಿಯರು ವಾಕರಿಕೆಗೂ ನುಂಗಿದರು. 1961ರ ನವೆಂಬರ್‌ನಲ್ಲಿ ಅಲ್ಲಿ ಮಾರಾಟ ನಿಲ್ಲುವ ಹೊತ್ತಿಗೆ ಕಾಲ ಮೀರಿತ್ತು. ಜಗತ್ತಿನಾದ್ಯಂತ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಅಂಗವೈಕಲ್ಯದೊಂದಿಗೆ ಹುಟ್ಟಿದರೆಂದು ಅಂದಾಜು.

'ಆ ಕಾಲಕ್ಕೆ ಯಾರಿಗೂ ಗೊತ್ತಿರಲಿಲ್ಲವಲ್ಲ' ಎಂದು ನೀವು ಕೇಳಬಹುದು. ನ್ಯಾಯವಾದ ಮಾತೇ. ಇಲಿಗಳ ಮೇಲೆ ಪರೀಕ್ಷಿಸಿದ್ದರೂ ಈ ಹಾನಿ ಸುಲಭವಾಗಿ ಕಾಣುತ್ತಿರಲಿಲ್ಲ. ತಿಳಿಯದಿರುವುದು ಅಪರಾಧವಲ್ಲ ಎಂದು ನಾನೂ ಒಪ್ಪುತ್ತೇನೆ. ಆದರೆ ಬ್ರಿಟನ್ನಿನ ಜಾಹೀರಾತುಗಳು ಈ ಮಾತ್ರೆ ಬಸುರಿಯರಿಗೂ ಬಾಣಂತಿಯರಿಗೂ ಪೂರ್ತಿ ಸುರಕ್ಷಿತ ಎಂದು ಸಾರಿದವು. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳಿದ್ದು ಅಲ್ಲಿ. ಅಜ್ಞಾನ ಅಪರಾಧವಾಗುವುದು ಆ ಗಳಿಗೆಯಲ್ಲಿ.

ಅಮೆರಿಕದ ಔಷಧ ನಿಯಂತ್ರಣ ಇಲಾಖೆಗೆ 1960ರಲ್ಲಷ್ಟೇ ಸೇರಿದ್ದ ಫ್ರಾನ್ಸಿಸ್ ಕೆಲ್ಸಿಯವರಿಗೂ ಮಕ್ಕಳ ವಿಷಯ ಗೊತ್ತಿರಲಿಲ್ಲ. ಕಂಪನಿ ಕೊಟ್ಟ ಆಧಾರ ಸಾಲದು ಎಂಬುದಷ್ಟೇ ಅವರಿಗೆ ಗೊತ್ತಿತ್ತು. ಮಾತ್ರೆ ನುಂಗಿದವರ ಕೈಕಾಲು ನರಗಳಿಗೆ ತೊಂದರೆಯಾಗುತ್ತಿದೆ ಎಂಬ ವರದಿ ಓದಿದ ಮೇಲೆ, ಭ್ರೂಣಕ್ಕೆ ಏನಾಗುತ್ತದೆ ಎಂದು ಕೇಳಿದರು. ಎಷ್ಟು ಒತ್ತಡ ಬಂದರೂ ಅನುಮತಿಗೆ ಸಹಿ ಹಾಕಲಿಲ್ಲ. ಎರಡೂ ಕಡೆ ಇದ್ದದ್ದು ಒಂದೇ ಅಜ್ಞಾನ. ಒಂದು ಕಡೆ ಅದು ಜಾಹೀರಾತಾಯಿತು, ಇನ್ನೊಂದು ಕಡೆ ಪ್ರಶ್ನೆಯಾಯಿತು.

ಕತೆಯ ಮುಂದಿನ ಭಾಗ ಪಾಠದಲ್ಲಿ ಅಪರೂಪ. 1964ರಲ್ಲಿ ಜೆರುಸಲೇಮಿನ ವೈದ್ಯ ಜೇಕಬ್ ಶೆಸ್ಕಿನ್, ನೋವಿನಿಂದ ನಿದ್ದೆಗೆಟ್ಟಿದ್ದ ಕುಷ್ಠರೋಗಿಗೆ ಇದೇ ಮಾತ್ರೆ ಕೊಟ್ಟರು. ನಿದ್ದೆಯ ಜೊತೆಗೆ ನೋವಿನ ಗಂಟುಗಳೂ ಇಳಿದವು. ಅಮೆರಿಕ 1998ರಲ್ಲಿ ಆ ತೊಂದರೆಗೆ, 2006ರಲ್ಲಿ ಮಜ್ಜೆಯ ಕ್ಯಾನ್ಸರಾದ ಮೈಲೋಮಕ್ಕೆ ಇದನ್ನು ಒಪ್ಪಿತು. 2010ರಲ್ಲಿ ಜಪಾನಿನ ವಿಜ್ಞಾನಿಗಳು ಈ ಅಣು ಸೆರೆಬ್ಲಾನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ ಎಂದು ತೋರಿಸಿದರು. ಭ್ರೂಣದ ಹಾನಿಗೂ ಕ್ಯಾನ್ಸರ್ ಕೋಶಗಳ ಸಾವಿಗೂ ದಾರಿ ಅದೇ ಹಿಡಿತ. ಅದರಲ್ಲೂ ಗಟ್ಟಿಯಾಗಿ ಹಿಡಿಯುವುದು ನಾವು ಬೈದ ಎಡಗೈ ರೂಪವೇ!

ಇಂದೂ ಮಾತ್ರೆಯಲ್ಲಿ ಎರಡೂ ರೂಪಗಳಿವೆ. ಬದಲಾಗಿರುವುದು ಅದನ್ನು ಕೊಡುವ ರೀತಿ: ಮೊದಲು ಬಸಿರಿನ ಪರೀಕ್ಷೆ, ಗರ್ಭನಿರೋಧದ ಕಟ್ಟುಪಾಡು, ಎಚ್ಚರಿಕೆಯ ಚೀಟಿ. ಈ ಕಟ್ಟುಪಾಡು ಸಡಿಲವಾದಲ್ಲಿ, ಉದಾಹರಣೆಗೆ ಬ್ರೆಜಿಲ್‌ನಲ್ಲಿ, ಅಂಥ ಮಕ್ಕಳು ಮತ್ತೆ ಹುಟ್ಟಿದ್ದಾರೆ. ಹಾಗಾಗಿ ಅಣುವಿನ ಎಡ-ಬಲ ಬರೆದು ಅಂಕ ಪಡೆಯುವ ವಿದ್ಯಾರ್ಥಿ ಇನ್ನೊಂದು ಪ್ರಶ್ನೆಗೂ ಉತ್ತರ ಬರೆಯಬೇಕು ಎಂದು ನನಗನ್ನಿಸುತ್ತದೆ: 'ಪೂರ್ತಿ ಸುರಕ್ಷಿತ' ಎಂದು ಬರೆದವರು ಯಾರು, ಯಾವ ಆಧಾರದ ಮೇಲೆ?