ಸುದ್ದಿ ಹೇಳುವವರ ಪಕ್ಷ

ಸುದ್ದಿ ಹೇಳುವವರಿಗೆ ಪಕ್ಷವಿರಬಾರದೆಂಬುದು ನಾವೆಲ್ಲ ಒಪ್ಪಿರುವ ಮಾತು. ಹಾಗಾದರೆ ಟೆಲಿವಿಷನ್ನಿನಲ್ಲಿ ವಾರ್ತೆ ಹೇಳುವ ಮಹಿಳೆಯೊಬ್ಬರು ಊರೂರಿಗೆ ಹೋಗಿ, ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಬೇಡಿರೆಂದು ವಾದಿಸಿದರೆ ಕಸುಬಿನ ಧರ್ಮಕ್ಕೆ ತಪ್ಪಿದಂತಾಯಿತೇ? ವಸಂತಪುರದ ನಮ್ಮ ನೆರೆಯ ಹಿರಿಯರೊಬ್ಬರು ಹೌದೆನ್ನುತ್ತಾರೆ. ಸಾಕ್ಷಿ ಹೇಳಬಂದವರು ವಕಾಲತ್ತು ವಹಿಸಬಾರದೆಂಬುದು ಅವರ ವಾದ. ತಳ್ಳಿಹಾಕುವಂಥ ಮಾತಲ್ಲ. ಒಂದು ಕಡೆಗೆ ವಾಲಿದ ಮನಸ್ಸು ತನಗೆ ಬೇಕಾದುದನ್ನೇ ಕಾಣುತ್ತದೆ.

ಆದರೆ ಸುದ್ದಿಯೆಂದರೇನು? ಶಾಲೆಯ ಚಾವಣಿ ಕುಸಿದರೆ ಸುದ್ದಿ. ಹುಡುಗಿಯೊಬ್ಬಳು ತಮ್ಮನನ್ನು ನೋಡಿಕೊಳ್ಳಲೆಂದು ಶಾಲೆ ಬಿಟ್ಟರೆ ಸದ್ದೇ ಆಗುವುದಿಲ್ಲ. ಹಾಜರಿ ಪುಸ್ತಕದಲ್ಲಿ ಒಂದು ಹೆಸರು ಕಡಿಮೆಯಾಗುತ್ತದೆ, ಅಷ್ಟೆ. ನಮ್ಮ ಬಸ್ ನಿಲ್ದಾಣದಲ್ಲಿ ಸಮವಸ್ತ್ರ ತೊಟ್ಟು ನಿಂತ ಹುಡುಗಿಯರನ್ನು ಎಣಿಸಬಹುದು. ಕಟ್ಟಡದ ಕೆಲಸದವರ ಶೆಡ್ಡಿನಲ್ಲಿ ಕೂಸನ್ನಾಡಿಸುತ್ತ ಉಳಿದವಳನ್ನು ಎಣಿಸುವವರಾರು? ನಡೆದ ಘಟನೆಯನ್ನಷ್ಟೇ ಹೇಳುವ ನಿಷ್ಪಕ್ಷಪಾತವು ತಾನರಿಯದೆಯೇ ಅವಳಿಗೆ ವಿರುದ್ಧವಾದ ಪಕ್ಷವನ್ನು ಹಿಡಿದಿರುತ್ತದೆ.

ಕನ್ನಡ ಪತ್ರಿಕೆಗಳಿಗೆ ಈ ಪ್ರಶ್ನೆ ಹೊಸದಲ್ಲ. 1887ರಲ್ಲಿ ಹುಟ್ಟಿದ ನಂಜನಗೂಡು ತಿರುಮಲಾಂಬಾ ಅವರಿಗೆ 10ನೆಯ ವಯಸ್ಸಿಗೆ ಮದುವೆ, 14ಕ್ಕೆ ವೈಧವ್ಯ. ಓದು ದೊರೆತದ್ದು ತಂದೆಯ ಮನೆಯಲ್ಲಿ. ಅವರು 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ತೆರೆದರು. ಮುಂದೆ ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆಯನ್ನು ನಡೆಸಿದರು. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರು 1921ರಲ್ಲಿ ‘ಸರಸ್ವತಿ’ಯನ್ನು ಆರಂಭಿಸಿ ನಾಲ್ಕು ದಶಕ ನಡೆಸಿದರು. ನೀವು ಪತ್ರಕರ್ತೆಯೋ, ಹೆಣ್ಣುಮಕ್ಕಳ ವಕೀಲರೋ ಎಂದು ಕೇಳಿದ್ದರೆ ಇವರಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಾಣುತ್ತಿತ್ತೇನೋ. ಓದು ಬಾರದ ಹೆಣ್ಣಿಗೆ ಪತ್ರಿಕೆ ಎಲ್ಲಿಯದು? ಓದುವವರನ್ನು ಉಂಟುಮಾಡುವುದೂ ಅವರ ಕಸುಬಿನೊಳಗಿನ ಕೆಲಸವೇ ಆಗಿತ್ತು.

ಟೆಲಿವಿಷನ್ನಿಗೆ ಆ ಗರಜಿಲ್ಲ. ಅಕ್ಷರವರಿಯದವರೂ ಅದನ್ನು ನೋಡುತ್ತಾರೆ. ಅದರಿಂದಲೇ ಅಲ್ಲಿಯವರ ಮಾತಿಗೆ ಹೊಣೆ ಹೆಚ್ಚು. ಪತ್ರಿಕೆ ತಲುಪದ ತಾಯಿಯನ್ನು ಅದು ತಲುಪಬಲ್ಲುದು. 2009ರ ಶಿಕ್ಷಣ ಹಕ್ಕಿನ ಕಾಯಿದೆ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣವನ್ನು ವಿಧಿಸಿದೆ. 14 ಕಳೆದರೆ ಆ ಕಾಯಿದೆಯ ಆಸರೆ ಮುಗಿಯಿತು. ತಿರುಮಲಾಂಬಾ ವಿಧವೆಯಾದ ವಯಸ್ಸೂ ಅದೇ. ಅಲ್ಲಿಂದ ಮುಂದೆ ಓದುವುದೋ ಬಿಡುವುದೋ ಎಂಬುದು ಬಹುಮಟ್ಟಿಗೆ ಮನೆಯವರ ಮನಸ್ಸಿಗೆ ಸೇರಿದ್ದು. ಮನಸ್ಸನ್ನು ತಿರುಗಿಸುವುದಕ್ಕೆ ಮಾತಲ್ಲದೆ ಬೇರೆ ಉಪಾಯವಿಲ್ಲ.

ಆದರೂ ನೆರೆಯವರ ಎಚ್ಚರಿಕೆಯಲ್ಲಿ ಒಂದಂಶವನ್ನು ಉಳಿಸಿಕೊಳ್ಳಬೇಕು. ವಕಾಲತ್ತು ವಹಿಸಿದವರು ಸಾಕ್ಷ್ಯವನ್ನು ತಿದ್ದಬಾರದು. ಶೆಡ್ಡಿನ ಆ ತಾಯಿ ಒಂದು ದಿನ ಕೂಲಿ ಬಿಟ್ಟರೆ ಒಲೆ ಹೊತ್ತದೆಂಬುದನ್ನೂ ಹೇಳಬೇಕು. ಕೂಸನ್ನು ನೋಡಿಕೊಳ್ಳುವವರು ಯಾರೆಂಬುದನ್ನೂ ಕೇಳಬೇಕು. ಅವಳನ್ನೇ ಅಪರಾಧಿಯೆಂದು ನಿಲ್ಲಿಸಿದರೆ ವಾದ ಗೆದ್ದೀತು. ಹುಡುಗಿ ಶಾಲೆಗೆ ಬಾರಳು.